ಕಾರವಾರದ ಬಸ್ಸು, ಪೇಟೆಯ ಕ್ಲಿನಿಕ್ಕು, ನಮ್ಮನೆ ಜಗಲಿ

ಹತ್ತು ತಿಂಗಳಾದರೂ ಮಗ ಕೂರಲಿಲ್ಲ. 'ಅವನಪ್ಪನೂ ತಡವಾಗೇ ನಡೆದಿದ್ದು' ಅಂದರು ಅತ್ತೆ. ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಮೈ ಹಿಡಿತಕ್ಕೆ ಸಿಗದಿರುವುದು, ಅದರಲ್ಲೂ ಎರಡೂ ಕಾಲು ಬಿಗಿಯುವ ಡೈಪ್ಲೀಜಿಯಾ ಅಂತ ಗೊತ್ತಾಗುವಾಗ ಒಂದೂಕಾಲು ವರ್ಷ. ಈಗ ನಾಲ್ಕು.

ಮೊದಲು ವಾರಕ್ಕೊಮ್ಮೆ ಕಾರವಾರದ ಸರ್ಕಾರಿ ಆಸ್ಪತ್ರೆಗೆ ಹೋದೆವು. ಅಂಗನವಾಡಿಗೆ ಬಂದು ಮಕ್ಕಳ ಆರೋಗ್ಯ ನೋಡುವ ಸರ್ಕಾರದ ಆರ್‌ಬಿಎಸ್‌ಕೆ ತಂಡದ ಚೀಟಿ ಇದ್ದರೆ ಸರ್ಕಾರಿ ತಪಾಸಣೆ, ಥೆರಪಿ ಎರಡಕ್ಕೂ ದುಡ್ಡಿಲ್ಲ. ಆದರೆ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು, ಕುಮಟೆ ದಾಟಿ ನೂರು ಕಿಲೋಮೀಟರಿಗೂ ಹೆಚ್ಚು. ಮುಕ್ಕಾಲು ಗಂಟೆಯ ವ್ಯಾಯಾಮಕ್ಕೆ ಇಡೀ ದಿನ. ಘಟ್ಟದಲ್ಲಿ ವಾಂತಿ ಮಾಡಿಕೊಂಡ ಮಗು ಅಲ್ಲಿ ಏನು ಮಾಡೀತು?

ಆಮೇಲೆ ಪೇಟೆಯ ಒಂದು ಖಾಸಗಿ ಕ್ಲಿನಿಕ್. ವಾರಕ್ಕೆ ಮೂರು ಸಲ, ಸಲಕ್ಕೆ ನಾನೂರು. ಮಲಗಿಸಿ ಕಾಲು ಎಳೆಯುತ್ತಿದ್ದರು, ಅವನು ಅಳುತ್ತಿದ್ದ, ನನ್ನನ್ನು ಪರದೆಯಾಚೆ ಕೂರಿಸುತ್ತಿದ್ದರು. ಸಂಜೆ ಸಡಿಲಾದ ಮೀನಖಂಡ ಬೆಳಿಗ್ಗೆ ಮತ್ತೆ ಹಗ್ಗ. ಅತ್ತೆಯ ಕೊಬ್ಬರಿಎಣ್ಣೆ ತಿಕ್ಕಾಟವೂ ಅಷ್ಟೇ ಕೊಡುತ್ತಿತ್ತು, ಅಳುವಿಲ್ಲದೆ. ಮೂರು ತಿಂಗಳಿಗೆ ಬಿಟ್ಟೆ.

ಈಗಿನದು ಕಾರವಾರದಲ್ಲೇ ಕಲಿತದ್ದು. ಆರು ವಾರಕ್ಕೊಮ್ಮೆ ಹೋಗಿ ತೋರಿಸುತ್ತೇವೆ, ಉಳಿದದ್ದು ಮನೆಯಲ್ಲಿ. ಬೇರೆಯವರು ಎಳೆದ ಕಾಲಿನಿಂದ ಮೆದುಳು ಕಲಿಯುವುದು ಕಡಿಮೆ, ಮಗು ತಾನೇ ಬೇಕಂತ ಮಾಡಿದ್ದನ್ನು ನೂರು ಸಲ ಮಾಡಿದರೆ ಕಲಿಯುತ್ತದೆ ಅಂದರು ಫಿಸಿಯೋ. ಅವನಿಗೆ ಬೇಕಾದ್ದು ಅಡಿಕೆ. ಜಗಲಿಯ ಅಂಚು ಅವನ ಎದೆಮಟ್ಟಕ್ಕಿದೆ. ಅಂಗಳದಲ್ಲಿ ಮಣೆಯ ಮೇಲೆ ಕೂರಿಸುತ್ತೇನೆ, ಚಾಲಿ, ಅಂದರೆ ಒಣ ಅಡಿಕೆಯ ಬುಟ್ಟಿ ಜಗಲಿ ಮೇಲೆ. ಒಂದೊಂದು ಅಡಿಕೆಗೂ ಎದ್ದು ನಿಲ್ಲಬೇಕು. ಹಿಮ್ಮಡಿ ಊರಿದೆಯಾ ಅಂತ ಬಗ್ಗಿ ನೋಡುವುದಷ್ಟೇ ನನ್ನ ಕೆಲಸ. ಮೊದಲ ವಾರ ಆರು ಅಡಿಕೆಗೆ ಸುಸ್ತು. ಈಗ ಬುಟ್ಟಿಯನ್ನು ಒಂದು ಮಾರು ಸರಿಸಿಟ್ಟರೆ ಅಂಚು ಹಿಡಿದು ಅಡ್ಡಡ್ಡ ನಡೆದೇ ಹೋಗುತ್ತಾನೆ.

ಮನೆಯಲ್ಲಿ ಆಗದ್ದೂ ಇದೆ. ಸೊಂಟದ ಎಕ್ಸ್‌ರೇ, ಎಎಫ್‌ಒ (ಪಾದ, ಕಣಕಾಲನ್ನು ನೇರ ಹಿಡಿದಿಡುವ ಆಸರೆ) ಅಳತೆ ಎರಡಕ್ಕೂ ಘಟ್ಟ ಇಳಿಯಲೇಬೇಕು. ಅಂಗವೈಕಲ್ಯ ಪ್ರಮಾಣಪತ್ರ ಆದಮೇಲೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಮಾಡಿಸಿ. ವರ್ಷಕ್ಕೆ 1 ಲಕ್ಷದವರೆಗೆ, ಥೆರಪಿ ಖರ್ಚೂ ಸೇರುತ್ತದೆ. ಇದನ್ನು ನನಗೆ ಎರಡು ವರ್ಷ ಯಾರೂ ಹೇಳಲಿಲ್ಲ.

ಎಎಫ್‌ಒ ಹಾಕುವವರಿಗೆ ಇನ್ನೊಂದು ಮಾತು: ನಮ್ಮ ಮಳೆಗಾಲದಲ್ಲಿ ಕಾಲುಚೀಲ ಒಣಗುವುದಿಲ್ಲ, ಹಸಿ ಚೀಲದಲ್ಲಿ ಹಿಮ್ಮಡಿ ಸುಲಿಯುತ್ತದೆ. ಆರು ಜೊತೆ ಇಟ್ಟುಕೊಂಡಿದ್ದೇನೆ, ಬಚ್ಚಲೊಲೆಯ ಮೇಲಿನ ತಂತಿಯಲ್ಲಿ ಸದಾ ಮೂರು.