ಉದ್ದ ಲೆನ್ಸ್‌ಗೆ ಬ್ಯಾಗ್: ನಮ್ಮ ಎರೆ ಮಣ್ಣಿಗೆ ಬೆನ್ನಿನ ಕಡೆ ತೆರೆಯುವುದೇ ಸರಿ

ಬಾಗಲಕೋಟೆ ಸುತ್ತಮುತ್ತ ಹಕ್ಕಿ, ಚಿಂಕಾರ (ಸಣ್ಣ ಜಾತಿಯ ಹುಲ್ಲೆ) ಅಂತ ಉದ್ದ ಲೆನ್ಸ್ ಹೊತ್ತು ಅಡ್ಡಾಡುವವರು ನೀವಾಗಿದ್ದರೆ, ಬೆನ್ನಿಗೆ ತಾಗುವ ಕಡೆಯಿಂದ ತೆರೆಯುವ ಬ್ಯಾಗನ್ನೇ ತಗೊಳ್ಳಿ. ನಾನು ಬಳಸುತ್ತಿರುವುದು ಲೋಪ್ರೊ ಫ್ಲಿಪ್‌ಸೈಡ್ 500. ಒಳಗೆ ನಿಕಾನ್ ಡಿ500 ಕ್ಯಾಮೆರಾ, ಅದಕ್ಕೆ ಹಾಕಿಟ್ಟ 200-500 ಎಂಎಂ ಲೆನ್ಸ್. ಈ ಜೋಡಿಗೆ, ಈ ನೆಲಕ್ಕೆ ಇದಕ್ಕಿಂತ ಹೊಂದುವ ಬ್ಯಾಗ್ ನನಗೆ ಇನ್ನೂ ಸಿಕ್ಕಿಲ್ಲ.

ಕಾರಣ ನಮ್ಮ ಮಣ್ಣು. ಸಾಮಾನ್ಯ ಬ್ಯಾಗ್ ಮುಂದಿನಿಂದ ತೆರೆಯುತ್ತದೆ, ಅಂದರೆ ನೆಲದ ಮೇಲಿಟ್ಟಾಗ ಪಟ್ಟಿಗಳಿರುವ ಬದಿ ಕೆಳಗೆ ಹೋಗುತ್ತದೆ. ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ರಾಜಹಂಸ ನೋಡಲು ಹೋದಾಗ ಅಲ್ಲಿನ ಎರೆ ಮಣ್ಣು ಹೇಗೆ ಅಂಟುತ್ತದೆ ಗೊತ್ತಲ್ವಾ? ಬ್ಯಾಗ್ ಎತ್ತಿ ಹೆಗಲಿಗೆ ಹಾಕಿದರೆ ಆ ಕೆಸರೆಲ್ಲ ಪಟ್ಟಿಯಿಂದ ಅಂಗಿಗೆ, ಅಂಗಿಯಿಂದ ಕೈಗೆ, ಕೈಯಿಂದ ಕ್ಯಾಮೆರಾಗೆ. ಬೆನ್ನಿನ ಕಡೆ ತೆರೆಯುವ ಬ್ಯಾಗಿನಲ್ಲಿ ಹೊರಮೈ ಕೆಸರಾಗುತ್ತದೆ, ಪಟ್ಟಿಗಳು ಒಣಗಿಯೇ ಇರುತ್ತವೆ. ಫ್ಲಿಪ್‌ಸೈಡಿನಲ್ಲಿ ಇನ್ನೊಂದು ಅನುಕೂಲ ಇದೆ. ಸೊಂಟದ ಪಟ್ಟಿ ಬಿಗಿದೇ ಇಟ್ಟು, ಹೆಗಲ ಪಟ್ಟಿ ಬಿಚ್ಚಿ, ಬ್ಯಾಗನ್ನು ಹೊಟ್ಟೆಯ ಕಡೆ ತಿರುಗಿಸಿಕೊಂಡರೆ ನಿಂತಲ್ಲೇ ಜಿಪ್ ತೆಗೆಯಬಹುದು. ನೆಲಕ್ಕೆ ಇಡುವುದೇ ಬೇಡ. ಬೈಕಿನಲ್ಲಿ ಹೋಗುವಾಗ, ಬಸ್ಸಿನಲ್ಲಿ ನಿಂತಾಗ ಜಿಪ್ ನಮ್ಮ ಬೆನ್ನಿಗೇ ಒತ್ತಿಕೊಂಡಿರುವುದರಿಂದ ಹಿಂದಿನಿಂದ ಯಾರೂ ತೆರೆಯಲಾರರು, ಅದೂ ಒಂದು ನೆಮ್ಮದಿ.

ಕೊಳ್ಳುವಾಗ ಜನ ಮೊದಲು ನೋಡುವುದು ಎಷ್ಟು ಲೀಟರ್ ಅಂತ. ಅದನ್ನು ಬಿಡಿ. ಲೆನ್ಸ್ ಕ್ಯಾಮೆರಾಗೆ ಹಾಕಿದ ಹಾಗೇ ಒಳಗೆ ಕೂರುತ್ತದಾ ಅನ್ನುವುದಷ್ಟೇ ಮುಖ್ಯ, ಯಾಕಂದ್ರೆ ಬೇಸಿಗೆ ಧೂಳಿನಲ್ಲಿ ಯಡಹಳ್ಳಿ ಗುಡ್ಡದ ಮೇಲೆ ಲೆನ್ಸ್ ಬಿಚ್ಚಿ ಹಾಕಿದರೆ ಸೆನ್ಸರ್ ಮೇಲೆ ಚುಕ್ಕೆ ಗ್ಯಾರಂಟಿ, ಅಷ್ಟರಲ್ಲಿ ಚಿಂಕಾರ ಗುಡ್ಡದ ಆಚೆ ಇಳಿದಿರುತ್ತದೆ. ಹಾಗಾಗಿ ಮನೆಯಲ್ಲೇ ಟೇಪ್ ಹಿಡಿದು ಅಳೆಯಿರಿ. ನಿಕಾನ್ 200-500 ಲೆನ್ಸ್ ಒಂದೇ ಸುಮಾರು 27 ಸೆಂ.ಮೀ., ಕ್ಯಾಮೆರಾ ಸೇರಿ 35 ಹತ್ತಿರ ಬರುತ್ತದೆ. ಸೋನಿ 200-600 ಮತ್ತು ನಿಕಾನ್ ಝಡ್ 180-600 ಜೂಮ್ ಮಾಡಿದರೂ ಉದ್ದ ಬದಲಾಗದ ಲೆನ್ಸ್‌ಗಳು. ಆದರೆ ಎರಡೂ ಶುರುವಿಗೇ ಸುಮಾರು 32 ಸೆಂ.ಮೀ., ಕ್ಯಾಮೆರಾ ಸೇರಿದರೆ 40ಕ್ಕೆ ಹತ್ತಿರ. ಹೊರಗಿನ ಅಳತೆ ನೋಡಿ ಮೋಸ ಹೋಗಬೇಡಿ, ಒಳಗಿನ ಅಳತೆ ಕೇಳಿ. ಹುಡ್ (ಲೆನ್ಸಿನ ತುದಿಗೆ ಹಾಕುವ ಬಿಸಿಲು ತಡೆ) ತಿರುಗಿಸಿ ಹಾಕಿದಾಗ ಅಗಲವೂ ಹೆಚ್ಚುತ್ತದೆ, ಆಗ ನಡುವಿನ ಸಾಲು ಸಾಲದೆ ಬದಿಯ ತಡೆಗಳನ್ನು ಸರಿಸಬೇಕಾಗುತ್ತದೆ. ಕ್ಯಾನನ್ ಆರ್‌ಎಫ್ 100-500 ಇದ್ದವರಿಗೆ ಈ ಚಿಂತೆ ಕಡಿಮೆ. ಮಡಚಿದಾಗ ಅದು 21 ಸೆಂ.ಮೀ. ಒಳಗೇ ಇರುತ್ತದೆ, ಚಿಕ್ಕ ಬ್ಯಾಗ್ ಸಾಕು.

ಇನ್ನು ಭಾರ. 200-500 ಲೆನ್ಸ್ 2.3 ಕೆಜಿ, ಡಿ500 ಸೇರಿ 3 ಕೆಜಿ ದಾಟುತ್ತದೆ. ಅದರ ಮೇಲೆ ಬ್ಯಾಗ್, ನೀರು, ಟ್ರೈಪಾಡ್. ಇಷ್ಟೆಲ್ಲ ಹೆಗಲ ಮೇಲೇ ಕೂತರೆ ಮಧ್ಯಾಹ್ನದ ಹೊತ್ತಿಗೆ ಕೈ ನಡುಗುತ್ತದೆ, ಫೋಟೊ ಅಲುಗುತ್ತದೆ. ಸೊಂಟದ ಪಟ್ಟಿ ದಪ್ಪ ಮೆತ್ತೆಯದಾಗಿರಬೇಕು, ಸೊಂಟದ ಎಲುಬಿನ ಮೇಲೆ ಕೂರಬೇಕು. ಸುಮ್ನೆ ತೆಳು ನವಾರು ಕೊಟ್ಟಿದ್ದರೆ ಅದು ಭಾರ ಹೊರುವುದಿಲ್ಲ. ನನ್ನ ಹಿಂದಿನ ಅಗ್ಗದ ಬ್ಯಾಗಿನದು ಅಂಥದ್ದೇ. ಅದರ ಜಿಪ್ ಕೂಡ ಧೂಳು ತಿಂದು ಅರ್ಧದಲ್ಲಿ ಕಚ್ಚಿಕೊಂಡಿತು.

ಯಾರೂ ಹೇಳದ ಒಂದು ವಿಷಯ ವೆಲ್ಕ್ರೊ. ಪರ್ ಅಂತ ಸದ್ದು ಮಾಡಿದರೆ ಚಿಂಕಾರ ನಿಲ್ಲುವುದೇ ಇಲ್ಲ. ಹೊರಗಿನ ಜೇಬುಗಳಿಗೆ ಜಿಪ್ ಇರುವುದನ್ನೇ ಆರಿಸಿ. ಬಣ್ಣವೂ ಅಷ್ಟೇ. ನಮ್ಮ ಏಪ್ರಿಲ್ ಬಿಸಿಲಲ್ಲಿ ಕಪ್ಪು ಬ್ಯಾಗ್ ಮುಟ್ಟಲಾಗುವುದಿಲ್ಲ, ಬೂದಿ ಅಥವಾ ಮಣ್ಣಿನ ಬಣ್ಣ ಸಿಕ್ಕರೆ ಒಳ್ಳೆಯದು. ಮಳೆ ಕವರನ್ನು ನಾನು ಮಳೆಗಿಂತ ಧೂಳಿಗೇ ಜಾಸ್ತಿ ಬಳಸುತ್ತೇನೆ. ಬೈಕ್ ಹತ್ತುವ ಮೊದಲೇ ಹಾಕಿಬಿಡುತ್ತೇನೆ.

ಈ ವಿನ್ಯಾಸಕ್ಕೆ ಒಂದು ಮಿತಿ ಇದೆ. ಒಳಗಿನ ಜಾಗವೆಲ್ಲ ಕ್ಯಾಮೆರಾಗೆ ಹೋಗುವುದರಿಂದ ಬೇರೆ ಸಾಮಾನಿಗೆ ಉಳಿಯುವುದು ಕಡಿಮೆ. ಮುಂದಿನ ಜೇಬಿನಲ್ಲಿ ಎರಡು ಕಟಕ ರೊಟ್ಟಿ, ಶೇಂಗಾ ಚಟ್ನಿ ಪೊಟ್ಟಣ ಹಿಡಿಯುತ್ತದೆ, ಅದರಾಚೆ ಜರ್ಕಿನ್ ತುರುಕಲು ಹೋಗಬೇಡಿ. ರಾತ್ರಿ ಉಳಿಯುವ ಪ್ರವಾಸಕ್ಕೆ ಬಟ್ಟೆಗೆ ಬೇರೆ ಚೀಲ ಬೇಕು. ಗುರಾ ಗಿಯರ್ ಕಿಬೊಕೊ ತುಂಬ ಒಳ್ಳೆಯ ಬ್ಯಾಗ್, ಬೇಕಾದರೆ ಒಂದು ಅರ್ಧವನ್ನಷ್ಟೇ ತೆರೆದುಕೊಳ್ಳಬಹುದು, ದೊಡ್ಡ ಲೆನ್ಸ್ ಚೆನ್ನಾಗಿ ಕೂರುತ್ತದೆ. ಬೆಲೆ ಜಾಸ್ತಿ, ಅದನ್ನು ಮಲಗಿಸಿಯೇ ತೆರೆಯಬೇಕು. ಜೀಪಿನಲ್ಲೇ ಸಫಾರಿ ಮಾಡುವವರಿಗೆ ಅದು ಸರಿ. 600 ಎಂಎಂ ಎಫ್/4ನಂಥ ಭಾರಿ ಲೆನ್ಸ್ ಇಟ್ಟುಕೊಂಡವರು ಫ್ಲಿಪ್‌ಸೈಡ್ ಕಡೆ ನೋಡಲೇಬೇಡಿ, ಲೋಪ್ರೊದಲ್ಲೇ ಲೆನ್ಸ್ ಟ್ರೆಕ್ಕರ್ ಅಂತ ಉದ್ದನೆಯದು ಇದೆ. ವಿಮಾನದಲ್ಲಿ ಹೋಗುವವರು ಒಮ್ಮೆ ತೂಕ ಮಾಡಿಕೊಳ್ಳಿ. ಇಂಡಿಗೊದಂಥ ವಿಮಾನಗಳಲ್ಲಿ ಕೈಚೀಲಕ್ಕೆ 7 ಕೆಜಿ ಮಿತಿ, ಬ್ಯಾಗಿನ ಸ್ವಂತ ತೂಕವೂ ಅದರಲ್ಲೇ ಬರುತ್ತದೆ.

ಅಂಗಡಿಗೆ ನಿಮ್ಮ ಕ್ಯಾಮೆರಾ, ಲೆನ್ಸ್ ಎರಡೂ ತಗೊಂಡು ಹೋಗಿ. ಒಳಗೆ ತುಂಬಿಸಿ, ಹೊತ್ತು, ಸ್ವಲ್ಪ ಹೊತ್ತು ಅಲ್ಲೇ ಓಡಾಡಿ, ಬಗ್ಗಿ ಏಳಿ. ಬೆಳಗಾವಿ, ಖಾನಾಪುರ ಕಡೆಯವರಿಗೆ ಇನ್ನೊಂದು ಮಾತು: ಮಳೆಗಾಲದಲ್ಲಿ ಮನೆಗೆ ಬಂದ ಮೇಲೆ ಲೆನ್ಸನ್ನು ಬ್ಯಾಗಿನಲ್ಲೇ ಬಿಡಬೇಡಿ. ಒಳಗಿನ ಫೋಮ್ ತೇವ ಹಿಡಿದಿಟ್ಟುಕೊಳ್ಳುತ್ತದೆ, ಗಾಜಿನ ಮೇಲೆ ಬೂಷ್ಟು ಬರುತ್ತದೆ. ಲೆನ್ಸ್ ಹೊರಗೆ ತೆಗೆದು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ, ಖಾಲಿ ಬ್ಯಾಗನ್ನು ಜಿಪ್ ತೆರೆದು ಫ್ಯಾನ್ ಕೆಳಗೆ ಒಣಗಿಸಿ.