ಲೈನು ಮನೆ ಮಕ್ಕಳ ಕನ್ನಡ: ಮೂರು ವಿಧಾನ ಮಾಡಿ ನೋಡಿದೆ

ಎರಡನೇ ಭಾಷೆಯ ಕಲಿಕೆಯನ್ನು ಅಳೆಯುವ ವಿಧಾನಗಳು ಬರೀ ಓದಿನಿಂದ ನನಗೆ ಹತ್ತಲಿಲ್ಲ. ಕೊನೆಗೆ ಮೂಡಿಗೆರೆ ಹತ್ತಿರದ ನಮ್ಮೂರ ಕಾಫಿ ತೋಟದ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲು ಮನೆಗಳಲ್ಲಿ, ಮಾಡಿಯೇ ನೋಡಿದೆ. ಅಸ್ಸಾಂನಿಂದ ಬಂದ ಕುಟುಂಬಗಳ 6 ಮಕ್ಕಳು. ಮನೆಯಲ್ಲಿ ಅಸ್ಸಾಮಿ, ಶಾಲೆಯಲ್ಲಿ ಕನ್ನಡ. ಅಪ್ಪ ಅಮ್ಮ ಒಪ್ಪಿದ ಮೇಲೆಯೇ ಶುರು ಮಾಡಿದ್ದು. ನಾನು ಹುಡುಕಿದ್ದು ಬಂದ, ಬಂದಳು, ಬಂತು ಇವನ್ನು ಸರಿಯಾದ ಕಡೆ ಹೇಳುತ್ತಾರಾ ಎಂದು, ಇಷ್ಟೇ. ಅಸ್ಸಾಮಿಯಲ್ಲಿ ಕ್ರಿಯಾಪದ ಗಂಡು ಹೆಣ್ಣಿಗೆ ತಕ್ಕಂತೆ ಬದಲಾಗುವುದಿಲ್ಲ.

ಮೊದಲು ಸರಿ-ತಪ್ಪು ಹೇಳಿಸಿದೆ. 20 ವಾಕ್ಯ, ಅರ್ಧ ತಪ್ಪು. ತಯಾರಿ ಸುಲಭ, ಲೆಕ್ಕವೂ ಸುಲಭ. ಆದರೆ ಮಕ್ಕಳು ಎಲ್ಲಕ್ಕೂ ‘ಸರಿ ಅಕ್ಕ’ ಎಂದರು. ದೊಡ್ಡವರ ಮಾತನ್ನು ತಪ್ಪು ಎನ್ನಲು ಮಕ್ಕಳಿಗೆ ಮನಸ್ಸು ಬರುವುದಿಲ್ಲ, ಅಲ್ವಾ? ಈ ವಿಧಾನ ದೊಡ್ಡ ವಯಸ್ಸಿನ ಕಲಿಯುವವರಿಗೆ ಹೊಂದಬಹುದು.

ಚಿತ್ರ ತೋರಿಸಿ ಕಥೆ ಹೇಳಿಸಿದಾಗ ಮಾತು ಚೆನ್ನಾಗಿ ಹರಿಯಿತು. ಆದರೆ ಹಿಂದೆ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಸದ್ದು. 10 ನಿಮಿಷದ ರೆಕಾರ್ಡಿಂಗ್ ಬರೆದುಕೊಳ್ಳಲು ಎರಡು ಗಂಟೆ ಹಿಡಿಯಿತು. ಅದಕ್ಕಿಂತ ದೊಡ್ಡ ತೊಂದರೆ ಬೇರೆ. ಒಬ್ಬಳು ‘ಓಡಿ, ಬಿದ್ದು, ಅತ್ತು’ ಎಂದು ಪೋಣಿಸುತ್ತಲೇ ಹೋದಳು. ನನಗೆ ಬೇಕಿದ್ದ ಕೊನೆಯ ಕ್ರಿಯಾಪದ ಬರಲೇ ಇಲ್ಲ!

ಹೊಸಬರಿಗೆ ನಾನು ಹೇಳುವುದು ಮೂರನೆಯದನ್ನೇ: ಕೇಳಿದ ವಾಕ್ಯವನ್ನು ತಿರುಗಿ ಹೇಳಿಸುವುದು, ಅಂದರೆ ಎಲಿಸಿಟೆಡ್ ಇಮಿಟೇಶನ್. ವಾಕ್ಯ ಮಾತ್ರ ಉದ್ದ ಇರಬೇಕು. 4 ಪದದ್ದನ್ನು ಮಕ್ಕಳು ಗಿಣಿಯಂತೆ ಒಪ್ಪಿಸಿದರು. ‘ನಿನ್ನೆ ಸಂಜೆ ಅಂಗಡಿಗೆ ಹೋದ ಅಕ್ಕ ಮಳೆಯಲ್ಲಿ ನೆನೆದುಕೊಂಡು ಮನೆಗೆ ಬಂದಳು’ ಎಂದಾಗ ನೆನಪು ಸಾಲಲಿಲ್ಲ. ತಮಗೆ ಗೊತ್ತಿರುವ ವ್ಯಾಕರಣದಲ್ಲೇ ಮತ್ತೆ ಕಟ್ಟಿದರು. ನಾಲ್ವರಿಂದ ‘ಅಕ್ಕ ನೆನೆದು ಬಂತು’ ಎಂದು ಬಂತು. ಕಲಿಯುವವರ ತಪ್ಪಿನಲ್ಲೂ ಅವರದೇ ನಿಯಮ ಇರುತ್ತದೆ ಎಂದು ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲೇ ಬರೆದಿದ್ದರು. ಅದು ನನಗೆ ನಿಜವಾಗಿ ಅರ್ಥವಾದದ್ದು ಆ ದಿನ. ಮಾದರಿ ಬೇಕಾದವರು ಐರಿಸ್ ಎಂಬ ಆನ್‌ಲೈನ್ ಭಂಡಾರ ನೋಡಿ. ಸಂಶೋಧಕರು ಬಳಸಿದ ಸಾಮಗ್ರಿ ಅಲ್ಲಿ ಉಚಿತವಾಗಿ ಸಿಗುತ್ತದೆ.

ಇಷ್ಟಾದರೂ ಒಂದು ಅನುಮಾನ ಉಳಿಯಿತು. ಹವ್ಯಕರ ಮಾತಿನಲ್ಲಿ ಹೆಂಗಸರಿಗೂ ‘ಬಂತು’ ಎನ್ನುತ್ತಾರೆ. ಹಾಗಾದರೆ ಈ ಮಕ್ಕಳು ತಪ್ಪಿದ್ದಾ, ಅಥವಾ ಇಲ್ಲಿ ಕೇಳಿದ್ದನ್ನೇ ಕಲಿತದ್ದಾ? ಪಕ್ಕದ ಕನ್ನಡ ಮನೆಗಳ ಮಕ್ಕಳಿಗೂ ಅದೇ ವಾಕ್ಯ ಹೇಳಿಸಿದೆ. ಅವರಲ್ಲೂ ಇಬ್ಬರು ‘ಬಂತು’ ಎಂದರು. ಅಕ್ಕನ ವಾಕ್ಯ ತೆಗೆದು ಅಣ್ಣನ ವಾಕ್ಯ ಹಾಕಿ, ಮತ್ತೆ ಮೊದಲಿನಿಂದ ಶುರು ಮಾಡಿದ್ದೇನೆ.