ಚೋರ್ಲಾ ಘಾಟ್ ಇಳಿಯುವಾಗ ಮೂರು ಡೀಸೆಲ್ ಗಾಡಿ: ಇಂಜಿನ್ ಹಿಡಿತ ಯಾವುದರದು ಹೇಗೆ?

ನಮ್ಮ ಕಾಕಾ ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಕಾಯಿಪಲ್ಯದ ಲಾರಿ ಓಡಿಸುತ್ತಿದ್ದವರು. ನನಗೆ ಗಾಡಿ ಕಲಿಸುವಾಗ ಒಂದೇ ಮಾತನ್ನು ನೂರು ಸಲ ಹೇಳಿದ್ದರು: "ತಮ್ಮಾ, ಹತ್ತಿದ ಗೇರ್‌ನಾಗ ಇಳೀಬೇಕು. ಬ್ರೇಕ್ ಮ್ಯಾಲೆ ಕಾಲ್ ಇಟ್ಕೊಂಡು ಕೂಡಬ್ಯಾಡ." ಅಂದರೆ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದಾಗ ಇಂಜಿನ್ನೇ ಗಾಡಿಯನ್ನು ಹಿಡಿದು ನಿಧಾನ ಮಾಡಬೇಕು, ಇದೇ ಇಂಜಿನ್ ಹಿಡಿತ. ಅದನ್ನೇ ನಂಬಿ ಇಷ್ಟು ವರ್ಷ ಓಡಿಸಿದೆ. ಆದರೆ ಹೋದ ವರ್ಷ ಹೊಸ ಡೀಸೆಲ್ ಗಾಡಿ ಮನೆಗೆ ಬಂತು ನೋಡಿ, ಆ ಲೆಕ್ಕ ತಪ್ಪಿತು. ಚೋರ್ಲಾವನ್ನು ಮೂರನೇ ಗೇರ್‌ನಲ್ಲಿ ಆರಾಮಾಗಿ ಹತ್ತಿದ್ದ ಗಾಡಿ, ಅದೇ ಮೂರರಲ್ಲಿ ಇಳಿಯುವಾಗ ಹಿಡಿದು ನಿಲ್ಲಲೇ ಇಲ್ಲ. ತಿರುವಿಗೊಂದು ಬ್ರೇಕ್ ಒತ್ತುತ್ತಾ ಘಾಟ್ ಕೆಳಗಿನ ಕೇರಿ ಊರಿನ ಹತ್ತಿರ ಬರುವಷ್ಟರಲ್ಲಿ ಒಳಗೆಲ್ಲ ಸುಟ್ಟ ವಾಸನೆ. ಹೆಂಡತಿ, ಮಕ್ಕಳು ಜೊತೆಗಿದ್ದರು. ನಿಜಕ್ಕೂ ಹೆದರಿಕೆ ಆಯಿತು.

ಆಮೇಲೆ ಬೇಸಿಗೆಯಲ್ಲಿ, ರಸ್ತೆ ಒಣಗಿದ್ದಾಗ, ಅದೇ ಇಳಿಜಾರನ್ನು ಮೂರು ಗಾಡಿಗಳಲ್ಲಿ ಬೇರೆ ಬೇರೆ ದಿನ ಇಳಿದು ನೋಡಿದೆ. ಒಂದು ನನ್ನ ಹಳೇ 1.3 ಲೀಟರ್ ಹ್ಯಾಚ್‌ಬ್ಯಾಕ್, ಬಿಎಸ್ 4 (ಹಿಂದಿನ ಹೊಗೆ ನಿಯಮದ್ದು), ಐದು ಗೇರ್. ಇನ್ನೊಂದು ಈಗಿನ 1.5 ಲೀಟರ್ ಸಣ್ಣ ಎಸ್‌ಯುವಿ, ಬಿಎಸ್ 6 (ಅದರ ನಂತರದ ನಿಯಮದ್ದು), ಆರು ಗೇರ್. ಮೂರನೆಯದು ಗೆಳೆಯನ ಜೀಪಿನಂಥ ಗಾಡಿ, ಅದೂ 1.5 ಲೀಟರೇ, ಆದರೆ ಹಿಂದಿನ ಚಕ್ರಕ್ಕೆ ಪವರ್ ಹೋಗುವಂಥದ್ದು. ಮೂರೂ ಗಾಡಿಗಳಲ್ಲಿ ಗಂಟೆಗೆ 35 ಕಿ.ಮೀ. ಆಸುಪಾಸು ಇಟ್ಟುಕೊಂಡೇ ಇಳಿದೆ. ಕೆಳಗೆ ನಿಲ್ಲಿಸಿದ ಕೂಡಲೇ ಮುಂದಿನ ಚಕ್ರದ ಹತ್ತಿರ ಅಂಗೈ ಹಿಡಿದು ಬ್ರೇಕ್ ಎಷ್ಟು ಬಿಸಿಯಾಗಿದೆ ನೋಡುವುದು, ಅಷ್ಟೇ ನನ್ನ ಪರೀಕ್ಷೆ.

ಹಳೇ ಹ್ಯಾಚ್‌ಬ್ಯಾಕ್‌ನಲ್ಲಿ ಕಾಕಾ ಹೇಳಿದ್ದು ಸರಿಯಾಗಿಯೇ ನಡೆಯಿತು. ಯಾಕೆ ಅಂತ ಈಗ ಗೊತ್ತಾಗಿದೆ. ಅದರ ಟರ್ಬೊ (ಇಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ) 2000 ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ತಿರುಗುವ ಸುತ್ತು) ತನಕ ಏಳುವುದಿಲ್ಲ, ಹಾಗಾಗಿ ಹತ್ತುವಾಗ ಎರಡನೇ ಗೇರ್ ಬಿಟ್ಟರೆ ಗತಿಯಿಲ್ಲ, ಇಳಿಯುವಾಗಲೂ ಎರಡರಲ್ಲೇ ಇರುತ್ತೇವೆ, ಇಂಜಿನ್ ತಾನಾಗಿ ಹಿಡಿಯುತ್ತದೆ. ಹೊಸ ಗಾಡಿಯಲ್ಲಿ ಟರ್ಬೊ ಬೇಗ ಏಳುತ್ತದೆ, ಟಾರ್ಕ್ (ಚಕ್ರ ತಿರುಗಿಸುವ ಬಲ) ಜಾಸ್ತಿ. ಮೂರರಲ್ಲೇ ಹತ್ತಿಬಿಡುತ್ತದೆ. ಆದರೆ ಕಾಲು ತೆಗೆದ ಮೇಲೆ ಆ ಟಾರ್ಕ್ ಎಲ್ಲಿಂದ ಬರಬೇಕು? ಇಳಿಯುವಾಗ ಉಳಿಯುವುದು ಬರೀ 1.5 ಲೀಟರಿನ ಇಂಜಿನ್, ಮೇಲೆ ಭಾರವಾದ ಬಾಡಿ.

ಇನ್ನೊಂದು ವಿಷಯ. ಪೆಟ್ರೋಲ್ ಗಾಡಿಯಲ್ಲಿ ಕಾಲು ತೆಗೆದರೆ ಥ್ರಾಟಲ್ (ಇಂಜಿನ್‌ಗೆ ಗಾಳಿ ಬಿಡುವ ಬಾಗಿಲು) ಮುಚ್ಚಿ, ಇಂಜಿನ್ ಗಾಳಿಗಾಗಿ ಎಳೆದಾಡುತ್ತದೆ, ಅದೇ ಹಿಡಿತ. ಡೀಸೆಲ್‌ನಲ್ಲಿ ಗಾಳಿಗೆ ಹಾಗೆ ತಡೆಯಿಲ್ಲ. ಗಾಳಿಯನ್ನು ಒತ್ತಲು ಶಕ್ತಿ ಬೇಕು ನಿಜ, ಆದರೆ ಒತ್ತಿದ ಗಾಳಿ ಸ್ಪ್ರಿಂಗ್ ಥರ ಪಿಸ್ಟನ್ನನ್ನು ವಾಪಸ್ ತಳ್ಳಿಬಿಡುತ್ತದೆ. ದೊಡ್ಡ ಲಾರಿಗಳಿಗೆ ಎಕ್ಸಾಸ್ಟ್ ಬ್ರೇಕ್ ಅಂತ ಹೊಗೆ ಪೈಪಿನಲ್ಲೇ ಬೇರೆ ಫ್ಲಾಪ್ ಇಡುವುದು ಇದಕ್ಕೇ. ಹಾಗಾಗಿ ಡೀಸೆಲ್ ಕಾರಿನಲ್ಲಿ ಹಿಡಿತ ಬೇಕೆಂದರೆ ಇಂಜಿನ್ ಜೋರಾಗಿ ತಿರುಗಲೇಬೇಕು. ಎಸ್‌ಯುವಿಯಲ್ಲಿ 35ರಲ್ಲಿ ಮೂರನೇ ಗೇರ್ ಅಂದರೆ 1700 ಆರ್‌ಪಿಎಂ ಹತ್ತಿರ, ಎರಡು ಅಂದರೆ 2500. ಎರಡಕ್ಕೆ ಹಾಕಿದ ತಕ್ಷಣ ಯಾರೋ ಹಿಂದಿನಿಂದ ಶರ್ಟು ಹಿಡಿದು ಎಳೆದ ಹಾಗೆ ಆಗುತ್ತದೆ. ಇಂಜಿನ್ ಕೂಗುತ್ತದೆ, ಕೂಗಲಿ ಬಿಡಿ. ಇಂಜಿನ್ ಸುತ್ತಿನ ಮಿತಿ ತೋರಿಸುವ ಮೀಟರ್‌ನ ಕೆಂಪು ಗೆರೆ ಇನ್ನೂ ಎಷ್ಟೋ ದೂರ.

ಮೂರರಲ್ಲಿ ಇಳಿದ ದಿನ ಚಕ್ರದ ಹತ್ತಿರ ಕೈ ಹಿಡಿಯಲು ಆಗಲಿಲ್ಲ, ಮುಖಕ್ಕೇ ಬಿಸಿ ಬಡಿಯುತ್ತಿತ್ತು. ಎರಡರಲ್ಲಿ ಇಳಿದ ದಿನ ಅಂಗೈ ಇಟ್ಟುಕೊಂಡೇ ನಿಂತಿದ್ದೆ. ಇಳಿಜಾರು ಅದೇ, ಗಾಡಿ ಅದೇ, ಗೇರ್ ಒಂದೇ ವ್ಯತ್ಯಾಸ.

ಗೆಳೆಯನ ಗಾಡಿ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಂದೆ. ಗೇರ್‌ಗಳೇ ಗಿಡ್ಡ, ಅಂದರೆ ಅದೇ ವೇಗಕ್ಕೆ ಇಂಜಿನ್ ಹೆಚ್ಚು ಸುತ್ತು ತಿರುಗುತ್ತದೆ; ಮೂರನೇ ಗೇರ್‌ನಲ್ಲೂ ಹಿಡಿಯುತ್ತದೆ, ಎರಡಕ್ಕೆ ಬಂದರೆ ಬ್ರೇಕ್ ಮರೆತೇ ಹೋಗುತ್ತದೆ. ಹೈವೇಯಲ್ಲಿ ಅದೇ ಗಿಡ್ಡ ಗೇರ್ ಕಿವಿಗೆ ಭಾರ, ಅದು ಬೇರೆ ಮಾತು.

ನ್ಯೂಟ್ರಲ್‌ಗೆ ಹಾಕಿ ಡೀಸೆಲ್ ಉಳಿಸುವವರಿಗೆ ಕೈಮುಗಿದು ಕೇಳುತ್ತೇನೆ, ಬಿಟ್ಟುಬಿಡಿ. ಈಗಿನ ಡೀಸೆಲ್ ಇಂಜಿನ್‌ಗಳಲ್ಲಿ ಗೇರ್‌ನಲ್ಲಿದ್ದು ಕಾಲು ತೆಗೆದರೆ ಕಂಪ್ಯೂಟರ್ ಡೀಸೆಲ್ಲನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಐಡ್ಲ್ (ಬಂದ್ ಬೀಳದಷ್ಟು ನಿಧಾನ) ಓಡಲು ಡೀಸೆಲ್ ಬೇಕು. ಉಳಿಯುವುದೂ ಇಲ್ಲ, ಗಾಡಿ ಕೈಯಲ್ಲೂ ಇರುವುದಿಲ್ಲ.

ಆದರೆ ಇಂಜಿನ್ ಐಡ್ಲ್ ಹತ್ತಿರಕ್ಕೆ ಇಳಿದರೆ ಕಥೆ ಉಲ್ಟಾ. ಬಂದ್ ಬೀಳದಿರಲಿ ಅಂತ ಕಂಪ್ಯೂಟರ್ ತಾನೇ ಡೀಸೆಲ್ ಕೊಡಲು ಶುರು ಮಾಡುತ್ತದೆ. ಬೆಳಗಾವಿಯ ಚನ್ನಮ್ಮ ಸರ್ಕಲ್ ಟ್ರಾಫಿಕ್‌ನಲ್ಲಿ ಮೊದಲನೇ ಗೇರ್‌ನಲ್ಲಿ ಕಾಲು ತೆಗೆದು ನೋಡಿ, ಗಾಡಿ ತಾನಾಗಿ ಮುಂದೆ ಹೋಗುತ್ತಿರುತ್ತದೆ. ಅಲ್ಲಿ ಇಂಜಿನ್ ಹಿಡಿಯುತ್ತಿಲ್ಲ, ತಳ್ಳುತ್ತಿದೆ. ಎಸ್‌ಯುವಿಯಲ್ಲಿ ಇದು ಜಾಸ್ತಿ ಗೊತ್ತಾಗುತ್ತದೆ. ಮುಂದಿನವರಿಗೆ ತಾಗುವ ಮೊದಲು ಕ್ಲಚ್ ಒತ್ತಿಬಿಡಿ.

ಮಳೆಗಾಲಕ್ಕೆ ಮಾತ್ರ ನನ್ನ ಲೆಕ್ಕ ಬದಲಾಗುತ್ತದೆ. ಘಾಟ್ ದಾರಿಯ ಕಣಕುಂಬಿ ಊರು ದಾಟಿದ ಮೇಲೆ ಮಂಜು, ರಸ್ತೆ ತುಂಬ ಒದ್ದೆ ಎಲೆ. ಗೆಳೆಯನ ಗಾಡಿಯಲ್ಲಿ ಹಿಡಿತವೆಲ್ಲ ಹಿಂದಿನ ಚಕ್ರದ ಮೇಲೆ, ಅದೂ ಇಳಿಜಾರಿನಲ್ಲಿ ಹಿಂಭಾಗ ಹಗುರಾಗಿರುವಾಗ. ತಿರುವಿನ ನಡುವೆ ಗೇರ್ ಇಳಿಸಿ ಕ್ಲಚ್ ಫಟ್ ಅಂತ ಬಿಟ್ಟರೆ ಹಿಂಭಾಗ ಜಾರುವುದು ಖಂಡಿತ ಸಾಧ್ಯ. ತಿರುವಿಗೆ ಮೊದಲೇ, ನೇರ ರಸ್ತೆಯಲ್ಲೇ ಗೇರ್ ಇಳಿಸಬೇಕು, ಕ್ಲಚ್ ಬಿಡುವ ಮುನ್ನ ಆಕ್ಸಿಲರೇಟರ್ ಸ್ವಲ್ಪ ಒತ್ತಿ ಆರ್‌ಪಿಎಂ ಹೊಂದಿಸಿಕೊಳ್ಳಬೇಕು. ಮುಂದಿನ ಚಕ್ರ ಎಳೆಯುವ ನನ್ನ ಎರಡು ಗಾಡಿಗಳಲ್ಲಿ ಈ ಭಯ ಕಡಿಮೆ, ಆದರೂ ಅದೇ ರೂಢಿ ಮಾಡಿಕೊಂಡಿದ್ದೇನೆ.

ಮೊನ್ನೆ ಕಾಕಾನನ್ನು ಎಸ್‌ಯುವಿಯಲ್ಲಿ ಕೂರಿಸಿಕೊಂಡು ಹೋಗಿದ್ದೆ. ಮೂರರಲ್ಲಿ ಹತ್ತಿ ಎರಡರಲ್ಲಿ ಇಳಿಸಿದ್ದನ್ನು ನೋಡುತ್ತಲೇ ಇದ್ದರು. ಕೆಳಗೆ ಇಳಿದು, ಚಕ್ರದ ಹತ್ತಿರ ಕೈ ಹಿಡಿದು, "ಹತ್ತೂದ್ರಾಗ ಶಾಣ್ಯಾ ಆಗೇತಿ ಗಾಡಿ, ಇಳಿಯೂದ್ರಾಗ ನೀನ ಶಾಣ್ಯಾ ಆಗಬೇಕ" ಅಂದರು. ವಾಪಸ್ ಬರುವಾಗ ಸ್ಟೇರಿಂಗ್ ಅವರದೇ.